ಕೋವಿಯ ಬೆಲೆ, ಕಾನೂನಿನ ತೂಕ: ಬೋಲ್ಟ್ ರೈಫಲ್ಲಿನ ಆಯ್ಕೆಯ ಚರಿತ್ರೆ

ಕೊಳ್ಳುವವನು ತನ್ನ ಹಣಕ್ಕೆ ತಕ್ಕ ವಸ್ತುವನ್ನು ತಾನೇ ಆರಿಸಿಕೊಳ್ಳುತ್ತಾನೆ ಎಂಬುದು ಪೇಟೆಯ ಬಗೆಗಿನ ಸಾಮಾನ್ಯ ನಂಬಿಕೆ. ಬೇಟೆಯ ಬೋಲ್ಟ್ ರೈಫಲ್ಲಿನ ಚರಿತ್ರೆಯಲ್ಲಿ ಈ ನಂಬಿಕೆ ಅರ್ಧದಷ್ಟು ಮಾತ್ರ ನಿಜ. ಯಾವ ರೈಫಲ್ ‘ಕೊಟ್ಟ ಹಣಕ್ಕೆ ಮೋಸವಿಲ್ಲದ್ದು’ ಎಂಬುದನ್ನು ಬೇಟೆಗಾರನ ಕಣ್ಣಿಗಿಂತ ಮೊದಲೇ ಮೂರು ಶಕ್ತಿಗಳು ನಿರ್ಧರಿಸಿರುತ್ತಿದ್ದವು: ಮುಗಿದ ಯುದ್ಧಗಳು ಉಳಿಸಿಹೋದ ಸರಕು, ಕಾರ್ಖಾನೆಯ ಕೂಲಿಯ ದರ ಮತ್ತು ಸರಕಾರದ ಶಸ್ತ್ರ ಕಾನೂನು. ಯೂರೋಪು ಮತ್ತು ಅಮೆರಿಕದಲ್ಲಿ ಮೊದಲೆರಡರ ಕೈ ಮೇಲಾಯಿತು; ಭಾರತದಲ್ಲಿ ಮೂರನೆಯದೇ ಉಳಿದೆರಡನ್ನೂ ಆಳಿತು. ಈ ವ್ಯತ್ಯಾಸವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಂತ್ರದ ತತ್ತ್ವವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ನಳಿಗೆಯ ಹಿಂಬದಿಯನ್ನು ಅಗುಳಿಯಂತೆ ಮುಚ್ಚುವ ಉಕ್ಕಿನ ದಿಂಡೇ ಬೋಲ್ಟ್. ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಹಾರಿಸಿದ ತೋಟೆಯ ಕೋಶ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ಕೆಳಕ್ಕೆ ತಿರುಗಿಸಿದರೆ ಹೊಸ ತೋಟೆ ಒಳಸೇರಿ, ಬೋಲ್ಟಿನ ಚಾಚುಗಳು ಚೌಕಟ್ಟಿನ ಕಚ್ಚುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸಿಡಿತದ ಒತ್ತಡವನ್ನೆಲ್ಲ ಹೊರುವುದು ಈ ಚಾಚುಗಳೇ. ಪ್ರಷ್ಯದ ಸೇನೆ 1841ರಲ್ಲಿ ಅಂಗೀಕರಿಸಿದ ಡ್ರೈಸೆಯ ಸೂಜಿಕೋವಿಯಲ್ಲಿ ಈ ತತ್ತ್ವ ಮೊದಲಿಗೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂತು. ಓಬರ್ನ್‌ಡಾರ್ಫಿನ ಪೌಲ್ ಮೌಸರ್ ಅದನ್ನು ಹಂತಹಂತವಾಗಿ ತಿದ್ದಿ, 1898ರ ಮಾದರಿಯಲ್ಲಿ ಪಕ್ವಗೊಳಿಸಿದನು. ಮುಂಭಾಗದಲ್ಲಿ ಎರಡು ಚಾಚು, ಅವು ಸೋತರೆ ತಡೆಯಲು ಹಿಂದೊಂದು ಮೂರನೆಯ ಚಾಚು, ತೋಟೆ ಮೇಲೆದ್ದ ಕ್ಷಣದಿಂದಲೇ ಅದನ್ನು ಕಚ್ಚಿ ಹಿಡಿಯುವ ಉದ್ದನೆಯ ಕೊಕ್ಕೆ, ಐದು ತೋಟೆಗಳ ಒಳಗೂಡು: ಮುಂದಿನ ನೂರು ವರ್ಷಗಳ ಬೇಟೆ ರೈಫಲ್ಲುಗಳು ಬಹುಪಾಲು ಈ ಪಾಠದ ವ್ಯಾಖ್ಯಾನಗಳೇ.

ಈ ಸೇನಾಯಂತ್ರ ಬೇಟೆಗಾರನ ಕೈಗೆ ಬಂದದ್ದಕ್ಕೆ ಮುಖ್ಯ ಕಾರಣ ಬೆಲೆ. ಲಂಡನ್ನಿನ ಕುಶಲಕರ್ಮಿಗಳು ಮಾಡುತ್ತಿದ್ದ ಜೋಡುನಳಿಗೆಯ ರೈಫಲ್ಲಿನಲ್ಲಿ ಎರಡು ನಳಿಗೆಗಳೂ ಒಂದೇ ಗುರಿಗೆ ಹೊಡೆಯುವಂತೆ ಕೂಡಿಸಬೇಕಿತ್ತು. ಬೆಸೆದು, ಹಾರಿಸಿ ನೋಡಿ, ಬೆಸುಗೆ ಬಿಡಿಸಿ, ಮತ್ತೆ ಹೊಂದಿಸುವ ಈ ಕೈಗೆಲಸವೇ ಬೆಲೆಯ ದೊಡ್ಡ ಪಾಲು. ಮೌಸರ್ ರೈಫಲ್ಲಿಗೆ ನಳಿಗೆ ಒಂದೇ. ಅದರ ಚೌಕಟ್ಟು ಸೇನೆಗಳಿಗಾಗಿ ಲಕ್ಷಗಟ್ಟಲೆ ತಯಾರಾಗುತ್ತಿದ್ದ ವಸ್ತು. ಸೇನೆ ಭರಿಸಿದ ಯಂತ್ರೋಪಕರಣಗಳ ವೆಚ್ಚದ ಫಲವನ್ನು ಬೇಟೆಗಾರ ಉಂಡನು. ಲಂಡನ್ನಿನ ಜಾನ್ ರಿಗ್ಬಿ ಸಂಸ್ಥೆ ಓಬರ್ನ್‌ಡಾರ್ಫಿನ ಚೌಕಟ್ಟುಗಳನ್ನು ತರಿಸಿಕೊಂಡು, ತನ್ನ ನಳಿಗೆಯನ್ನೂ ಮರವನ್ನೂ ಜೋಡಿಸಿ ಮಾರಿತು. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟ್‌ಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹೆವೆಟ್ ಉಡುಗೊರೆಯಾಗಿ ಕೊಟ್ಟದ್ದು ಅಂಥದೇ .275 ರಿಗ್ಬಿ. ಜರ್ಮನ್ ಸೇನಾಯಂತ್ರ, ಇಂಗ್ಲಿಷ್ ಹೆಸರು, ಭಾರತದ ಕಾಡು: ಆ ಒಂದು ರೈಫಲ್ಲಿನಲ್ಲಿ ಕಾಲದ ವ್ಯಾಪಾರಸಂಬಂಧಗಳೆಲ್ಲ ಅಡಕವಾಗಿದ್ದವು.

ಅಗ್ಗದ ಎರಡನೆಯ ಅಧ್ಯಾಯವನ್ನು ಬರೆದದ್ದು ಯುದ್ಧಗಳ ಕೊನೆ. ಮೊದಲ ಮಹಾಯುದ್ಧಕ್ಕಾಗಿ ಅಮೆರಿಕದ ಮೂರು ಕಾರ್ಖಾನೆಗಳು 1917ರ ಎನ್‌ಫೀಲ್ಡ್ ರೈಫಲ್ಲುಗಳನ್ನು ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ತಯಾರಿಸಿದವು. ಯುದ್ಧ ಮುಗಿದಾಗ ಉಳಿದ ಬಿಡಿಭಾಗಗಳಿಂದ ರೆಮಿಂಗ್ಟನ್ ತನ್ನ ‘ಮಾಡೆಲ್ 30’ ಬೇಟೆ ರೈಫಲ್ಲನ್ನು ಹೊರತಂದಿತು. ಎರಡನೆಯ ಮಹಾಯುದ್ಧದ ನಂತರವಂತೂ ಹಲವು ದೇಶಗಳ ಹಳೆಯ ಸೇನಾ ರೈಫಲ್ಲುಗಳು ಅಮೆರಿಕದ ಪೇಟೆಗೆ ಹರಿದವು. ಮರ ಕತ್ತರಿಸಿ, ಹಿಡಿ ಬಗ್ಗಿಸಿ, ದುರ್ಬೀನು ಕೂರಿಸಿ ಅವನ್ನು ಬೇಟೆಗೆ ಒಗ್ಗಿಸುವುದು ಸಾಮಾನ್ಯ ಕುಟುಂಬಗಳ ಹವ್ಯಾಸವಾಯಿತು. ಅಧ್ಯಕ್ಷ ಕೆನಡಿಯ ಹತ್ಯೆಗೆ 1963ರಲ್ಲಿ ಬಳಕೆಯಾದದ್ದು ಅಂಚೆಯ ಮೂಲಕ 19.95 ಡಾಲರಿಗೆ, ದುರ್ಬೀನೂ ಸೇರಿ, ತರಿಸಿದ ಇಟಲಿಯ ಹಳೆಯ ಸೇನಾ ರೈಫಲ್. ಶಸ್ತ್ರದ ವಿಷಯದಲ್ಲಿ ಅಗ್ಗವೆಂಬುದು ಕೊಳ್ಳುವವನ ಖಾಸಗಿ ಲೆಕ್ಕವಷ್ಟೇ ಅಲ್ಲ, ಸಮಾಜ ತೆರುವ ಬೆಲೆಯೂ ಹೌದು ಎಂಬ ಅರಿವಿನಿಂದ ಹುಟ್ಟಿದ 1968ರ ಅಮೆರಿಕದ ಶಸ್ತ್ರ ನಿಯಂತ್ರಣ ಕಾಯಿದೆ, ಅಂಚೆ ಮಾರಾಟಕ್ಕೂ ಸೇನಾ ಸರಕಿನ ಆಮದಿಗೂ ಕಡಿವಾಣ ಹಾಕಿತು.

ಮೂರನೆಯ ಅಧ್ಯಾಯ ಕಾರ್ಖಾನೆಯದು. 1936ರ ವಿಂಚೆಸ್ಟರ್ ‘ಮಾಡೆಲ್ 70’ ಮೌಸರ್ ಕೊಕ್ಕೆಯನ್ನು ಉಳಿಸಿಕೊಂಡ, ಕೈಗೆಲಸ ಹೆಚ್ಚು ಬೇಡುವ ರೈಫಲ್. ರೆಮಿಂಗ್ಟನ್ 1948ರಲ್ಲಿ ‘721’ ಎಂಬ ಮಾದರಿಯಲ್ಲಿ ಬೇರೊಂದು ದಾರಿ ಹಿಡಿಯಿತು: ಚೌಕಟ್ಟನ್ನು ದುಂಡು ಉಕ್ಕಿನ ಸರಳಿನಿಂದ ಚರಕಿಯಲ್ಲಿ ಕಡೆಯುವುದು, ಸಣ್ಣ ಭಾಗಗಳನ್ನು ತಗಡಿನಿಂದ ಒತ್ತಿ ತೆಗೆಯುವುದು. 1962ರ ‘ಮಾಡೆಲ್ 700’ ಅದರ ಸಂತಾನ. ನಿಕೊಲಸ್ ಬ್ರೂವರ್ ವಿನ್ಯಾಸಗೊಳಿಸಿದ 1958ರ ಸ್ಯಾವೇಜ್ ‘110’ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಳಿಗೆಯನ್ನು ಒಂದು ನಟ್ಟಿನಿಂದ ಬಿಗಿಯುವ ಕ್ರಮವನ್ನು ತಂದಿತು. ತೋಟೆ ಕೂರುವ ಆಳವನ್ನು ಕುಶಲಕರ್ಮಿ ಗಂಟೆಗಟ್ಟಲೆ ಉಜ್ಜಿ ಹೊಂದಿಸುವ ಬದಲು, ಅಳತೆಕಡ್ಡಿಯಿಟ್ಟು ನಟ್ಟು ತಿರುಗಿಸಿದರೆ ಸಾಕಾಯಿತು. ಅಗ್ಗದ ಈ ರೈಫಲ್ಲು ಗುರಿಯಲ್ಲಿ ದುಬಾರಿಯದಕ್ಕೆ ಸರಿಗಟ್ಟಿದ್ದು ಆಕಸ್ಮಿಕವಲ್ಲ. ನಿಖರತೆ ಹೊಳಪಿನಲ್ಲಿಲ್ಲ, ನಳಿಗೆಯ ನೇರದಲ್ಲೂ ತೋಟೆ ಕೂರುವ ಅಳತೆಯಲ್ಲೂ ಇದೆ.

ಉಳಿತಾಯಕ್ಕೆ ಮಿತಿಯಿದೆ ಎಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷ್ಯವಿದೆ. ಖರ್ಚು ತಗ್ಗಿಸಲು ವಿಂಚೆಸ್ಟರ್ 1964ರಲ್ಲಿ ‘ಮಾಡೆಲ್ 70’ರ ದೊಡ್ಡ ಕೊಕ್ಕೆಯನ್ನು ಕೈಬಿಟ್ಟು, ಮರದ ಕೆತ್ತನೆಯ ಬದಲು ಅಚ್ಚೊತ್ತಿದ ಗೆರೆಗಳನ್ನು ತಂದಿತು. ಬೇಟೆಗಾರರು ಮುನಿದರು. ‘64ರ ಹಿಂದಿನದು’ ಎಂಬ ಮಾತೇ ಹಳೆಯ ರೈಫಲ್ಲುಗಳ ಪೇಟೆಯಲ್ಲಿ ಹೆಚ್ಚಿನ ಬೆಲೆಯ ಮುದ್ರೆಯಾಯಿತು. ರೆಮಿಂಗ್ಟನ್ 2014ರಲ್ಲಿ ಒಂದು ಬಗೆಯ ಕುದುರೆಯುಳ್ಳ ‘ಮಾಡೆಲ್ 700’ ರೈಫಲ್ಲುಗಳನ್ನು, ಅವು ತಾವಾಗಿ ಹಾರಬಹುದೆಂಬ ಕಾರಣಕ್ಕೆ, ಹಿಂದಕ್ಕೆ ಕರೆಯಬೇಕಾಯಿತು. ಮರದ ಕೆತ್ತನೆ ಇಲ್ಲವಾದರೆ ಕಣ್ಣಿಗೆ ನಷ್ಟ. ಕುದುರೆ ಕೆಟ್ಟರೆ ಜೀವಕ್ಕೆ ನಷ್ಟ. ಆದ್ದರಿಂದ ಬೆಲೆಗೆ ತಕ್ಕ ರೈಫಲ್ಲನ್ನು ಅಳೆಯುವ ಕ್ರಮ ಅನುಭವದಿಂದ ಹೀಗೆ ರೂಪುಗೊಂಡಿತು: ಮೊದಲು ಕುದುರೆ ಮತ್ತು ತಡೆಕೀಲಿಯ ಭದ್ರತೆ, ಅನಂತರ ನಳಿಗೆ, ಆಮೇಲೆ ತೋಟೆ ಸಲೀಸಾಗಿ ಸಿಗುವ ಬೋರು, ಕೊನೆಗೆ ಮರ ಮತ್ತು ಮೆರುಗು. 2003ರ ಫಿನ್ಲೆಂಡಿನ ಟಿಕ್ಕಾ ‘ಟಿ3’, ಅದರ ನಂತರದ ಸ್ಯಾವೇಜ್ ‘ಆಕ್ಸಿಸ್’, ರೂಗರ್ ‘ಅಮೆರಿಕನ್’ ಮೊದಲಾದವು ಈ ಅನುಕ್ರಮಕ್ಕೆ ಒಪ್ಪಿ, ಪ್ಲಾಸ್ಟಿಕ್ಕಿನ ಹಿಡಿಯಲ್ಲಿ ಉಳಿಸಿದ್ದನ್ನು ನಳಿಗೆಯಲ್ಲಿ ವ್ಯಯಿಸಿದವು. ನೂರು ಗಜದ ದೂರದಲ್ಲಿ ಮೂರು ಗುಂಡುಗಳು ಸುಮಾರು ಒಂದು ಅಂಗುಲದೊಳಗೆ ಬೀಳುವ ನಿಖರತೆ ಒಂದು ಕಾಲಕ್ಕೆ ಸಿರಿವಂತರ ಸೊತ್ತಾಗಿತ್ತು; ಈಗ ಅದು ಕೆಳಬೆಲೆಯ ರೈಫಲ್ಲಿನಿಂದಲೂ ನಿರೀಕ್ಷಿಸುವ ಗುಣ.

ಭಾರತದ ದಾರಿ ಬೇರೆ. 1878ರ ಶಸ್ತ್ರ ಕಾಯಿದೆಯ ಆಡಳಿತದಲ್ಲಿ ಯೂರೋಪಿಯನ್ನರಿಗೆ ದೊರೆತ ವಿನಾಯಿತಿ ಸಾಮಾನ್ಯ ಭಾರತೀಯನಿಗಿರಲಿಲ್ಲ. ಅವನಿಗೆ ಪರವಾನಗಿ ಬೇಕಿತ್ತು. ಕೊಡವರಿಗೆ 1861ರಿಂದ ದೊರೆತ ವಿನಾಯಿತಿ ಈ ನಿಯಮಕ್ಕೊಂದು ಅಪವಾದ. ವಯನಾಡಿನ ಗಡಿಯ ಈಚೆಗೆ ಕೋವಿ ಮನೆತನದ ಗುರುತಾಗಿದ್ದರೆ, ಆಚೆಗೆ ಅದು ಕಚೇರಿಯ ಕಾಗದಕ್ಕೆ ಕಟ್ಟುಬಿದ್ದ ವಸ್ತು. ನೀಲಗಿರಿಯಲ್ಲಿ 1879ರ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯಿದೆ ಬೇಟೆಯನ್ನೂ ಪರವಾನಗಿಯ ಚೌಕಟ್ಟಿಗೆ ತಂದಿತು. ಕೋವಿ ಹಿಡಿಯುವುದಕ್ಕೊಂದು ಕಾಗದ, ಪ್ರಾಣಿ ಹೊಡೆಯುವುದಕ್ಕೊಂದು ಕಾಗದ: ಬೆಟ್ಟದ ರೈತನ ಪಾಲಿಗೆ ರೈಫಲ್ಲಿನ ನಿಜವಾದ ಬೆಲೆ ಅಂಗಡಿಯಲ್ಲಿ ಹೇಳುವ ಬೆಲೆಯಷ್ಟೇ ಆಗಿರಲಿಲ್ಲ.

ಬೋರಿನ ಆಯ್ಕೆಯಲ್ಲೂ ಕಾನೂನಿನದೇ ಮೇಲುಗೈ. ಸೇನೆಯ .303 ತೋಟೆ ಬಂಡಾಯಗಾರರ ಕೈಸೇರೀತೆಂಬ ಭಯದಿಂದ ವಸಾಹತು ಸರಕಾರ ಅದನ್ನು ನಾಗರಿಕರಿಂದ ದೂರವಿಟ್ಟಿತು. ಅದೇ ಲೀ ಎನ್‌ಫೀಲ್ಡ್ ಯಂತ್ರವನ್ನು ಆಸ್ಟ್ರಿಯದ ಮಾನ್‌ಲಿಷರ್ ತೋಟೆಗೆ ಒಗ್ಗಿಸಿದ .315 ಬೋರಿನ ರೈಫಲ್ ಭಾರತಕ್ಕಾಗಿಯೇ ಎಂಬಂತೆ ನೆಲೆಯೂರಿತು. ಸ್ವಾತಂತ್ರ್ಯಾನಂತರವೂ ಈ ತರ್ಕ ಅಳಿಯಲಿಲ್ಲ: 1959ರ ಕಾಯಿದೆಯಡಿ ಬಂದ 1962ರ ನಿಯಮಗಳು .303 ಮತ್ತು 7.62 ಮಿ.ಮೀ. ಬೋರಿನ ಬೋಲ್ಟ್ ರೈಫಲ್ಲುಗಳನ್ನು ನಿಷೇಧಿತ ವರ್ಗದಲ್ಲಿಟ್ಟವು. ಇಚ್ಛಾಪುರದ ಸರಕಾರಿ ಕಾರ್ಖಾನೆ.315 ರೈಫಲ್ಲನ್ನೇ ನಾಗರಿಕರಿಗೆ ತಯಾರಿಸುತ್ತ ಬಂತು. ಜಗತ್ತಿನ ಇತರೆಡೆ ಮರೆತುಹೋದ, ಭಾರವಾದ ಗುಂಡಿನ ಮಂದಗತಿಯ ತೋಟೆಯೊಂದು ಇಲ್ಲಿ ‘ಬೆಲೆಗೆ ತಕ್ಕದ್ದು’ ಆಗಿ ಉಳಿದದ್ದು ಅದರ ಗುಣದಿಂದಲ್ಲ, ಬೇರೆಯದನ್ನು ಕೊಳ್ಳಗೊಡದ ಕಾನೂನಿನಿಂದ. ಆಮದು ಬಿಗಿಯಾದ ಮೇಲೆ ಹಳೆಯ ಮೌಸರ್, ರಿಗ್ಬಿಗಳು ಮನೆತನದ ಆಸ್ತಿಯಾಗಿ, ಹುಟ್ಟಿದ ನಾಡಿನಲ್ಲಿ ತಾವು ಹೊತ್ತಿದ್ದ ಅಗ್ಗದ ಗುಣವನ್ನೇ ಇಲ್ಲಿ ಕಳೆದುಕೊಂಡವು.

ನಮ್ಮ ನುಡಿಯ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. ಕೇಪಿನ ಕೋವಿ, ತೋಟೆ ಕೋವಿ, ಜೋಡುನಳಿಗೆ ಕೋವಿ, ಈಡು, ಚರೆ, ಕುದುರೆ: ಮಲೆಸೀಮೆಯ ಕನ್ನಡ ನಯನಳಿಗೆಯ ಕೋವಿಗೆ ತನ್ನದೇ ಪದಕೋಶವನ್ನು ಕಟ್ಟಿಕೊಂಡಿದೆ. ರೈಫಲ್, ಬೋಲ್ಟ್, ಮ್ಯಾಗಜಿನ್ ಎಂಬವು ಮಾತ್ರ ಎರವಲಾಗಿಯೇ ಉಳಿದವು. ಹೊಲ ಕಾಯುವವನ ಕೈಯಲ್ಲಿ ಬಳಕೆಯಾದ ವಸ್ತುವಿಗೆ ಕನ್ನಡದ ಹೆಸರು ಸಿಕ್ಕಿತು, ಅಧಿಕಾರಿಯ ಮತ್ತು ತೋಟದ ದೊರೆಯ ಹೆಗಲ ಮೇಲೆ ಬಂದದ್ದಕ್ಕೆ ಸಿಗಲಿಲ್ಲ ಎಂದು ಇದನ್ನು ಓದಬಹುದು. ಹೊಸೂರು ಸೀಮೆಯ ಜವಳಗಿರಿಯ ಕಾಡುಗಳನ್ನು ಇಂಗ್ಲಿಷಿನಲ್ಲಿ ಚಿತ್ರಿಸಿದ ಬೆಂಗಳೂರಿನ ಕೆನೆತ್ ಆಂಡರ್ಸನ್ ಬಹುಕಾಲ ಬಳಸಿದ್ದು ಬೋಲ್ಟ್ ಅಲ್ಲದ, ಸನ್ನೆಹಿಡಿಯ .405 ವಿಂಚೆಸ್ಟರ್. ಅವನ ಬರಹಗಳನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಾಗ, ರೈಫಲ್ಲಿನ ಜಗತ್ತು ಕೋವಿಯ ಮಾತಿನೊಳಕ್ಕೆ ಬಂದು ನೆಲೆಸಿತು. ಗಡಿಯಾಚೆಯ ಕಾಡು ಕನ್ನಡದ ಓದುಗನಿಗೆ ಮರಳಿ ದಕ್ಕಿದ್ದು ಹೀಗೆ, ಎರಡು ನುಡಿಗಳನ್ನು ಹಾಯ್ದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಭಾರತದಲ್ಲಿ ಬೇಟೆಯ ರೈಫಲ್ ಎಂಬ ಮಾತಿಗೆ ಅದರ ಹಳೆಯ ಅರ್ಥ ಉಳಿಯಲಿಲ್ಲ. ಆನೆ, ಹಂದಿಗಳ ಹಾವಳಿಯಿರುವ ಕಾಡಂಚಿನ ಊರುಗಳಲ್ಲಿ ಬೆಳೆರಕ್ಷಣೆಯ ಪರವಾನಗಿ ಇಂದಿಗೂ ಚರ್ಚೆಯ ವಿಷಯ. ಆದರೆ ಆ ಚರ್ಚೆ ಬಹುಮಟ್ಟಿಗೆ ಅರಣ್ಯ ಮತ್ತು ಪೊಲೀಸ್ ಇಲಾಖೆಗಳ ಭಾಷೆಯಲ್ಲಿ ನಡೆಯುತ್ತದೆ. ಗಡಿನಾಡಿನಲ್ಲಿ ಆ ಭಾಷೆ ತಮಿಳೋ ಮಲಯಾಳವೋ ಇಂಗ್ಲಿಷೋ ಆಗಿರುತ್ತದೆ. ಕೋವಿಗೆ ಇಷ್ಟೊಂದು ಹೆಸರುಗಳನ್ನು ಕೊಟ್ಟ ಜನರ ಮಾತು ಅರ್ಜಿಯ ನಮೂನೆಯಲ್ಲಿ ಕಾಣಿಸುವುದಿಲ್ಲ. ಆಯುಧದ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಲಂಡನ್ನಿನ ಬೆಲೆಪಟ್ಟಿಗಳ ಜೊತೆಗೆ ತಾಳವಾಡಿ, ಗೂಡಲೂರು, ಮಾನಂತವಾಡಿ ಸೀಮೆಗಳ ಹಳೆಯ ಪರವಾನಗಿ ಕಡತಗಳನ್ನೂ, ಕೋವಿ ಹಿಡಿದಿದ್ದ ಕೊನೆಯ ತಲೆಮಾರಿನ ಹಿರಿಯರ ಮಾತನ್ನೂ ಸಂಗ್ರಹಿಸಬೇಕಾಗಿದೆ. ಕಾಗದಕ್ಕೆ ಗೆದ್ದಲು ಹತ್ತುವ ಮುನ್ನ, ಮಾತು ಮರೆಯಾಗುವ ಮುನ್ನ ಆಗಬೇಕಾದ ಕೆಲಸವಿದು.