ಕುದ್ಮುಲ್ ರಂಗರಾಯರ ಸೇವಾಪಥ: ಮಂಗಳೂರಿನಿಂದ ಪರೇಲದವರೆಗೆ

ಪರೋಪಕಾರವೇ ಪುಣ್ಯವೆಂದು ನಮ್ಮ ಹಿರಿಯರು ಸಾರಿದ್ದಾರೆ. ಆದರೆ ನೆರೆಯ ಕೇರಿಯ ಮಗುವಿಗೆ ಅಕ್ಷರ ಕಲಿಸುವುದೇ ಅಪರಾಧವೆನಿಸಿದ್ದ ಕಾಲದಲ್ಲಿ ಆ ಮಾತನ್ನು ನಡೆದು ತೋರಿದವರು ವಿರಳ. ಅಂಥವರಲ್ಲಿ ಕುದ್ಮುಲ್ ರಂಗರಾಯರು ಅಗ್ರಗಣ್ಯರು.

ಕಾಸರಗೋಡು ಸೀಮೆಯ ಕುದ್ಮುಲ್‌ನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ 1859ರಲ್ಲಿ ಜನಿಸಿದ ಅವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದರು. ಕೆಲಕಾಲ ಉಪಾಧ್ಯಾಯರಾಗಿದ್ದು, ಬಳಿಕ ವಕೀಲರಾಗಿ ಬಡವರ ಪಕ್ಷ ವಹಿಸಿದರು. 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು; 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಮಗು ಶಾಲೆಗೆ ಬಂದರೆ ಮನೆಗೆ ಅದರ ದುಡಿಮೆ ತಪ್ಪುತ್ತಿತ್ತು. ಇದನ್ನರಿತ ರಾಯರು ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಡಿಸಿದರು. ನೇಯ್ಗೆಯಂತಹ ಕಸುಬುಗಳನ್ನು ಕಲಿಸಿದರು, ಮನೆಗಳಿಗೆ ನಿವೇಶನ ಒದಗಿಸಿದರು.

ಇದಕ್ಕೆ ಪ್ರತಿಯಾಗಿ ದೊರೆತದ್ದು ಸ್ವಜಾತಿಯವರ ಬಹಿಷ್ಕಾರ. ಕ್ಷೌರಿಕರು, ಮಡಿವಾಳರು ಕೂಡ ಅವರ ಮನೆಯ ಕೆಲಸಕ್ಕೆ ಬಾರದಾದರು. ಅನ್ಯರ ದ್ವೇಷಕ್ಕಿಂತ ಆಪ್ತರ ಮುನಿಸು ಸಹಿಸುವುದು ಕಠಿಣ. ರಾಯರು ಅದನ್ನೂ ಸಹಿಸಿದರು. 1912ರಲ್ಲಿ ಮಗಳು ರಾಧಾಬಾಯಿಯನ್ನು ಜಾತಿಯ ಎಲ್ಲೆ ಮೀರಿ ಡಾ. ಪಿ. ಸುಬ್ಬರಾಯನ್ ಅವರಿಗೆ ಕೊಟ್ಟು ವಿವಾಹ ಮಾಡಿದರು. ಈ ಅಳಿಯ ಮುಂದೆ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು. ಮೊಮ್ಮಗ ಜನರಲ್ ಕುಮಾರಮಂಗಲಂ 1966ರಿಂದ 1969ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು.

ಮುಂಬಯಿಯಲ್ಲೂ ಇದೇ ಹೆಸರಿನ ಸಂಸ್ಥೆಯೊಂದು 1906ರ ಅಕ್ಟೋಬರ್ 18ರಂದು ಉದಯಿಸಿತು. ಅದರ ಸ್ಥಾಪಕರಾದ ವಿಠ್ಠಲ ರಾಮಜಿ ಶಿಂದೆಯವರು ಜಮಖಂಡಿಯಲ್ಲಿ ಜನಿಸಿದವರು. ಅಧ್ಯಕ್ಷರಾದ ನ್ಯಾಯಮೂರ್ತಿ ನಾರಾಯಣ ಚಂದಾವರಕರರು ಹೊನ್ನಾವರದವರು. ಗಿರಣಿಗಳೂ ರೈಲ್ವೆ ಕಾರ್ಯಾಗಾರಗಳೂ ತುಂಬಿದ್ದ ಪರೇಲದಲ್ಲಿ ಮೊದಲ ಶಾಲೆ ಆರಂಭವಾಯಿತು. ವಿಕ್ರೋಳಿಯಿಂದ ದಾದರ ದಾಟಿ ರೈಲಿನಲ್ಲಿ ಸಾಗುವ ಕನ್ನಡಿಗರು ದಿನನಿತ್ಯ ಕಾಣುವ ಪರೇಲವೇ ಅದು. ಹೀಗೆ ಮೂವರು ಕನ್ನಡ ನೆಲದ ಮಕ್ಕಳ ಹೆಸರು ಈ ಒಂದೇ ಸೇವೆಯಲ್ಲಿ ಸೇರಿವೆ.

ರಂಗರಾಯರು ಕೊನೆಯ ದಿನಗಳಲ್ಲಿ ಸಂನ್ಯಾಸ ಸ್ವೀಕರಿಸಿ, 1928ರ ಜನವರಿ 30ರಂದು ನಿಧನರಾದರು. ತಮ್ಮ ಶವವನ್ನು ಪೌರಕಾರ್ಮಿಕ ಜನಾಂಗದವರೇ ಹೊರಬೇಕೆಂಬುದು ಅವರ ಅಂತಿಮ ಇಚ್ಛೆಯಾಗಿತ್ತು. ದಾನ ಮಾಡುವವನ ಕೈ ಮೇಲಿರುತ್ತದೆ. ಹೆಗಲು ಕೊಡುವವನೋ ಬಂಧು. ಇಡೀ ಜನ್ಮ ಕೊಟ್ಟವರು ಕೊನೆಗೆ ಬಂಧುತ್ವವನ್ನೇ ಬೇಡಿದರು. 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಅವರ ಸಂಸ್ಥೆಗೆ ಭೇಟಿಯಿತ್ತರು. ಇಂದು ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರಿದೆ.

ಮಠಗಳ ಪರಂಪರೆಗೂ ಈ ಪ್ರಶ್ನೆ ಹೊರತಲ್ಲ. 1970ರ ಆಸುಪಾಸಿನಲ್ಲಿ ಪೇಜಾವರ ಮಠಾಧೀಶ ಶ್ರೀ ವಿಶ್ವೇಶತೀರ್ಥ ಶ್ರೀಪಾದಂಗಳವರು ದಲಿತರ ಕೇರಿಗೆ ನಡೆದು ಹೋದಾಗ, ಸಂಪ್ರದಾಯಸ್ಥರಿಂದ ವಿರೋಧ ಎದುರಿಸಬೇಕಾಯಿತು, ಆದರೂ ಹಿಂಜರಿಯಲಿಲ್ಲ.

ಊರು ಬಿಟ್ಟು ಬಂದವರಿಗೆ ಪರಸ್ಥಳದಲ್ಲಿ 'ನಮ್ಮವರು' ಎಂಬ ಮಾತಿನ ಬೆಲೆ ಗೊತ್ತು. ಆ ಮಾತಿನ ಎಲ್ಲೆಯನ್ನು ಪಕ್ಕದ ಚಾಳಿನವರೆಗೆ, ಕಸ ಒಯ್ಯುವವರ ಮನೆಯವರೆಗೆ ವಿಸ್ತರಿಸುವುದೇ ರಂಗರಾಯರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.