ರೈತ ವಿದ್ಯಾನಿಧಿ

ರೈತರ ಮಕ್ಕಳ ಉನ್ನತ ಶಿಕ್ಷಣಕ್ಕೆ ಕರ್ನಾಟಕ ಸರ್ಕಾರ 2021ರಲ್ಲಿ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, ಆರಂಭಿಸಿದ ವಿದ್ಯಾರ್ಥಿವೇತನ. ಮಲಪ್ರಭಾ ಅಚ್ಚುಕಟ್ಟಿನ ನರಗುಂದ ತಾಲ್ಲೂಕಿನಲ್ಲಿ, ಬೇಸಾಯವನ್ನೇ ನೆಚ್ಚಿದ ಚಿಕ್ಕನರಗುಂದದಂಥ ಊರುಗಳಿಗೆ ಇದು ನೇರವಾಗಿ ಸಂಬಂಧಿಸಿದ್ದು.

ಆರಂಭದ ಆದೇಶದಂತೆ ವಾರ್ಷಿಕ ಮೊತ್ತ ಪಿಯುಸಿ, ಐಟಿಐ, ಡಿಪ್ಲೊಮಾಗಳಿಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ, ಬಿ.ಎ., ಬಿ.ಕಾಂ.ನಂಥ ಪದವಿಗಳಿಗೆ 5,000 ಮತ್ತು 5,500. ಎಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಹಾಸ್ಟೆಲ್ ಖರ್ಚಿನ ಮುಂದೆ ಈ ಹಣ ಸಣ್ಣದೇ. ಆದರೂ ಪುಸ್ತಕಕ್ಕೆ, ಬಸ್ ಪಾಸಿಗೆ ಒದಗುತ್ತದೆ. ಮುಂದೆ ಭೂರಹಿತ ಕೃಷಿ ಕಾರ್ಮಿಕರ ಮಕ್ಕಳನ್ನೂ ಸೇರಿಸಿದ್ದು ನ್ಯಾಯವಾದ ಹೆಜ್ಜೆ.

ತೊಡಕಿರುವುದು ಹೆಚ್ಚಾಗಿ ದಾಖಲೆಗಳಲ್ಲಿ. ರೈತರ ಮಕ್ಕಳೆಂಬುದನ್ನು ಗುರುತಿಸುವುದು ಕೃಷಿ ಇಲಾಖೆಯ ‘ಫ್ರೂಟ್ಸ್’ ಎಂಬ ರೈತ ನೋಂದಣಿ ಸಂಖ್ಯೆಯಿಂದ. ಅದು ಪಹಣಿಗೆ ಜೋಡಣೆಯಾಗಿರುತ್ತದೆ. ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಉಳುವ ಅಪ್ಪ ದಾಖಲೆಯಲ್ಲಿ ರೈತನೇ ಅಲ್ಲ! ಹೊಲವನ್ನು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ, ರೈತ ಸಂಪರ್ಕ ಕೇಂದ್ರದಲ್ಲಿ ನೋಂದಾಯಿಸುವುದೇ ಮೊದಲ ಕೆಲಸ.

ರೈತ ವಿದ್ಯಾನಿಧಿಯಲ್ಲದೆ, ಇತರ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ (ಎಸ್‌ಎಸ್‌ಪಿ) ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದಿಟ್ಟುಕೊಳ್ಳಬೇಕು. ಅವುಗಳ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಬೇಕಾಗುತ್ತದೆ. ಹಣ ನೇರವಾಗಿ ಆಧಾರ್ ಜೋಡಣೆಯಾದ ಖಾತೆಗೆ ಬೀಳುತ್ತದೆ. ಖಾತೆ ಇದ್ದರಷ್ಟೇ ಸಾಲದು. ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಬೇಕು. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಬೇರೆ ಬೇರೆ ಇದ್ದರೆ ಅರ್ಜಿ ಹಾಕುವ ಮೊದಲೇ ತಿದ್ದಿಸುವುದು ಒಳ್ಳೆಯದು.