ಕಾರಣಕ್ಕೆ ಮುನ್ನ ಕಾರ್ಯವಿಲ್ಲ

ಗಂಟೆ ಬಾರಿಸುವ ಮೊದಲೇ ನಾದ ಕೇಳಿಸೀತೆ? ಕಾರಣಕ್ಕೆ ಮುನ್ನ ಕಾರ್ಯವಿಲ್ಲ ಎಂಬುದು ಮಕ್ಕಳಿಗೂ ತಿಳಿದ ಮಾತು. ಈ ಸರಳ ಮಾತಿನಲ್ಲೇ ಭೌತವಿಜ್ಞಾನದ ಒಂದು ಮಹತ್ವದ ಸೂತ್ರ ಅಡಗಿದೆ. ಅದರ ಹೆಸರು ಕ್ರಾಮರ್ಸ್-ಕ್ರೋನಿಗ್ ಸಂಬಂಧ.

ಬಣ್ಣದ ಗಾಜು ಬೆಳಕಿನಲ್ಲಿ ಕೆಲವು ಬಣ್ಣಗಳನ್ನು ಹೀರಿಕೊಳ್ಳುತ್ತದೆ. ಉಳಿದವನ್ನು ಬಾಗಿಸಿ ಆಚೆಗೆ ಬಿಡುತ್ತದೆ. ಮೊದಲನೆಯದು ಹೀರಿಕೆ, ಎರಡನೆಯದು ವಕ್ರೀಭವನ. ಮೇಲ್ನೋಟಕ್ಕೆ ಇವೆರಡಕ್ಕೂ ನಂಟಿಲ್ಲ. 1926ರಲ್ಲಿ 22ರ ಹರೆಯದ ರಾಲ್ಫ್ ಕ್ರೋನಿಗ್ ಕ್ಷ-ಕಿರಣಗಳ ಅಧ್ಯಯನದಲ್ಲಿ ಆ ನಂಟನ್ನು ಕಂಡುಹಿಡಿದರು. ಎಲ್ಲ ಆವೃತ್ತಿಗಳಲ್ಲಿನ ಹೀರಿಕೆ ಗೊತ್ತಿದ್ದರೆ ವಕ್ರೀಭವನವನ್ನು ಅಳೆಯದೆಯೇ ಲೆಕ್ಕಹಾಕಬಹುದು! ಮರುವರ್ಷ ಇಟಲಿಯ ಕೋಮೋದಲ್ಲಿ ನಡೆದ ವೋಲ್ಟಾ ಶತಮಾನ ಸ್ಮರಣೆಯ ಸಮ್ಮೇಳನದಲ್ಲಿ ಡಚ್ ವಿಜ್ಞಾನಿ ಹೆಂಡ್ರಿಕ್ ಕ್ರಾಮರ್ಸ್ ಕೂಡ ಇದನ್ನೇ ಮಂಡಿಸಿದರು.

ಇದು ಹೇಗೆ ಸಾಧ್ಯ? ಕ್ಷಣಕಾಲ ಮಿಂಚುವ ಬೆಳಕು, ಗಣಿತದ ಪ್ರಕಾರ, ಆದಿ ಅಂತ್ಯಗಳಿಲ್ಲದ ಅಸಂಖ್ಯ ಅಲೆಗಳ ಮೊತ್ತ. ಮಿಂಚುವ ಮೊದಲು ಒಂದರ ಏರು ಇನ್ನೊಂದರ ಇಳಿತದಲ್ಲಿ ಕರಗಿ ಮೊತ್ತ ಸೊನ್ನೆಯಾಗಿರುತ್ತದೆ, ಅದೇ ಕತ್ತಲೆ. ಗಾಜು ಕೆಂಪು ಅಲೆಗಳನ್ನಷ್ಟೇ ಹೀರಿ ಉಳಿದವನ್ನು ಮುಟ್ಟದೆ ಬಿಟ್ಟಿತೆನ್ನಿ. ಲೆಕ್ಕ ತಪ್ಪುತ್ತದೆ. ಮಿಂಚು ಬರುವ ಮೊದಲೇ ಗಾಜಿನಾಚೆ ಬೆಳಕು ಕಾಣಬೇಕಾಗುತ್ತದೆ! ಈ ಅಸಂಗತ ತಪ್ಪಬೇಕಾದರೆ ಗಾಜು ಉಳಿದ ಅಲೆಗಳನ್ನೂ ತಕ್ಕಷ್ಟು ಹಿಂದುಮುಂದು ಸರಿಸಲೇಬೇಕು. ಹೀಗೆ ಸರಿಸುವುದೇ ವಕ್ರೀಭವನವಾಗಿ ಕಾಣುತ್ತದೆ.

ಸೂತ್ರಕ್ಕೂ ಕಾರ್ಯಕಾರಣ ನಿಯಮಕ್ಕೂ ಇರುವ ಈ ಸಂಬಂಧ ಪೂರ್ಣವಾಗಿ ಸ್ಪಷ್ಟವಾದದ್ದು ತಡವಾಗಿ. ಅದರ ತಾರ್ಕಿಕ ತಳಹದಿಯನ್ನು ಜಾನ್ ಟಾಲ್ 1956ರಲ್ಲಿ ಕರಾರುವಾಕ್ಕಾಗಿ ನಿರೂಪಿಸಿದರು. ಸೂತ್ರ ಮೊದಲು ಬಂತು, ಅದರ ಕಾರಣ ಆಮೇಲೆ ತಿಳಿಯಿತು.

ಪ್ರಚೋದನೆ ಇಮ್ಮಡಿಯಾದರೆ ಪ್ರತಿಕ್ರಿಯೆಯೂ ಇಮ್ಮಡಿಯಾಗುವ ವ್ಯವಸ್ಥೆಗಳಿಗೆಲ್ಲ ಈ ತರ್ಕ ಸಲ್ಲುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಹೆಂಡ್ರಿಕ್ ಬೋಡ್ 1940ರಲ್ಲಿ ಟೆಲಿಫೋನಿನ ಧ್ವನಿವರ್ಧಕ ಮಂಡಲಗಳಿಗೆ ಇಂಥದ್ದೇ ನಿಯಮವನ್ನು ಕೊಟ್ಟರು. ಯಾವ ಆವೃತ್ತಿಯನ್ನು ಎಷ್ಟು ಹಿಗ್ಗಿಸಬೇಕೆಂದು ಎಂಜಿನಿಯರ್ ನಿರ್ಧರಿಸಿದೊಡನೆ, ಕನಿಷ್ಠಪಕ್ಷ ಎಷ್ಟು ಅಲೆ ಸರಿಯುತ್ತದೆಂಬುದೂ ನಿರ್ಧಾರವಾಗಿಬಿಡುತ್ತದೆ. ಎರಡೂ ಬೇಕಾದಂತೆ ಸಿಗುವುದಿಲ್ಲ. 1954ರ ಹೊತ್ತಿಗೆ ಈ ವಿಚಾರ ಕಣಭೌತಶಾಸ್ತ್ರಕ್ಕೂ ಕಾಲಿಟ್ಟಿತು.

ಒಂದು ತೊಡಕುಂಟು. ಲೆಕ್ಕಕ್ಕೆ ಸೊನ್ನೆಯಿಂದ ಅನಂತದವರೆಗಿನ ಆವೃತ್ತಿಗಳೆಲ್ಲ ಬೇಕು. ಅಷ್ಟನ್ನೂ ಅಳೆಯುವ ಉಪಕರಣವಿಲ್ಲ. ಅಳತೆಗೆ ಸಿಗದ ಕಡೆ ಅಂದಾಜೇ ಗತಿ. ಆದರೂ ಹೊಸ ವಸ್ತುವೊಂದರ ಅಂಕಿಗಳು ಈ ಸಂಬಂಧಕ್ಕೆ ಒಗ್ಗದಿದ್ದರೆ ವಿಜ್ಞಾನಿಗಳು ಕಾರ್ಯಕಾರಣ ನಿಯಮವನ್ನು ಶಂಕಿಸುವುದಿಲ್ಲ. ತಮ್ಮ ಅಳತೆಯನ್ನೇ ಇನ್ನೊಮ್ಮೆ ನೋಡಿಕೊಳ್ಳುತ್ತಾರೆ.